ಸಿಮೆಂಟು ಮೆತ್ತಿದ ಒಲೆ

ನಮ್ಮೂರಿನಲ್ಲಿ ಒಬ್ಬರೇ ಇದ್ದರೆ ಒಲೆ ಹತ್ತುವುದಿಲ್ಲ. ಬೆಂಕಿಕಡ್ಡಿ ಹತ್ತುತ್ತದೆ, ಬೀಡಿ ಹತ್ತುತ್ತದೆ, ದೇವರ ದೀಪ ಹತ್ತುತ್ತದೆ. ಒಲೆಯೊಳಗಿನ ಸೌದೆ ಮಾತ್ರ ಹತ್ತುವುದಿಲ್ಲ. ಸೀಮೆಎಣ್ಣೆ ಸ್ಟೋವು, ಗ್ಯಾಸ್ ಒಲೆ ಎಲ್ಲವನ್ನೂ ತಂದು ನೋಡಿದವರಿದ್ದಾರೆ, ಅವುಗಳದ್ದೂ ಅದೇ ಹಠ. ಜೊತೆಯಲ್ಲಿ ಇನ್ನೊಂದು ಜೀವ ಇರಬೇಕು. ಜೀವ ಎಂದರೆ ಮನುಷ್ಯರದು; ನಾಯಿ, ಹಸು ಲೆಕ್ಕಕ್ಕಿಲ್ಲ. ಗೊರಕೆ ಹೊಡೆಯುವವರು ಆದೀತು, ಮೂರು ತಿಂಗಳು ತುಂಬಿದ ಕೂಸು ಆದೀತು, ಮುಖ ಊದಿಸಿಕೊಂಡು ಕೂತ ಅತ್ತೆಯೂ ಆದೀತು. ಎಷ್ಟು ಹತ್ತಿರ ಇರಬೇಕೆಂದು ಯಾರೂ ಟೇಪು ಹಿಡಿದು ಅಳೆದಿಲ್ಲ. ಒಲೆ ಉರಿದರೆ ಶಾಖ ಮೈಗೆ ತಾಗುವಷ್ಟು ಹತ್ತಿರ ಎಂದು ಹಿರಿಯರು ಹೇಳುತ್ತಾರೆ, ನಾವೂ ಹಾಗೇ ನಡೆದುಕೊಂಡು ಬಂದಿದ್ದೇವೆ.

ಹೀಗಾಗಿ ನಮ್ಮಲ್ಲಿ ಎದುರಿಗೆ ಸಿಕ್ಕವರನ್ನು ಊಟ ಆಯಿತಾ ಎಂದು ಕೇಳುವುದಿಲ್ಲ, 'ಒಲೆಗೆ ಯಾರು?' ಎಂದು ಕೇಳುತ್ತಾರೆ. ಗಂಡ ಹೆಂಡತಿ ಎಷ್ಟೇ ಕಿತ್ತಾಡಿದರೂ ಮುದ್ದೆ ಬೇಯುವ ಹೊತ್ತಿಗೆ ಎದುರುಬದುರು ಕೂತಿರಲೇಬೇಕು. ಒಬ್ಬರು ಕೋಲು ತಿರುವುತ್ತಾರೆ, ಇನ್ನೊಬ್ಬರು ಗೋಡೆ ನೋಡುತ್ತಾರೆ. ಮನೆಯಲ್ಲಿ ಒಬ್ಬರೇ ಉಳಿದವರು ಅಕ್ಕಪಕ್ಕದವರ ಜೊತೆ ಹಿಡಿಯುತ್ತಾರೆ. ಅದಕ್ಕೊಂದು ಕಟ್ಟುಪಾಡು ಇದೆ. ಜೊತೆಯವರನ್ನು ಬಿಟ್ಟು ಇನ್ನೊಬ್ಬರನ್ನು ಒಲೆಗೆ ಕರೆದರೆ ಮೊದಲಿನ ಜೊತೆ ಮುಗಿಯಿತು ಎಂದೇ ಅರ್ಥ, ಆಮೇಲೆ ಕಾಲು ಹಿಡಿದರೂ ಕೂಡುವಂತಿಲ್ಲ. ಯಾರೂ ಸಿಗದವರಿಗೆ ಪೇಟೆಬೀದಿಯಲ್ಲಿ ಪುರಸಭೆಯ ಕೂಡೊಲೆ ಇದೆ. ಅಲ್ಲಿ ಹೆಸರು ಬರೆಸಿದರೆ ಎರಡು ಹೊತ್ತು ಊಟ ಹಾಕುತ್ತಾರೆ. ಊಟಕ್ಕೆ ಹೆಸರಿಡುವ ಹಾಗಿಲ್ಲ, ಆದರೆ ಆ ಸಾರಿನಲ್ಲಿ ಯಾರ ಮನೆಯ ರುಚಿಯೂ ಇರುವುದಿಲ್ಲ. ಅಲ್ಲಿ ಹೆಸರು ಬರೆಸಿದವರ ಮನೆಯ ಒಲೆಗಳು ತಿಂಗಳೊಳಗೆ ಮಣ್ಣಾಗುತ್ತವೆ. ನಮ್ಮ ಮಣ್ಣೇ ಅಂಥದು. ಎಂಟು ದಿನ ಬೆಂಕಿ ಕಾಣದಿದ್ದರೆ ಒಲೆಯ ಬಾಯಿ ಉದುರಲು ಶುರುವಾಗುತ್ತದೆ.

ನಾನು ಈರಪ್ಪ, ಈ ಊರಿನ ನೀರುಗಂಟಿಯಾಗಿದ್ದವನು. ಮೂವತ್ತೊಂದು ವರ್ಷ ಬೀದಿ ಬೀದಿಯ ವಾಲ್ವ್ ತಿರುಗಿಸಿ ಮನೆಮನೆಗೆ ನೀರು ಬಿಟ್ಟಿದ್ದೇನೆ. ನೀರಿನ ವಿಷಯ ಏನು ಕೇಳಿದರೂ ಹೇಳುತ್ತೇನೆ. ಬೆಂಕಿಯ ಕಡೆ ಮುಖ ಮಾಡಿ ಕೂತದ್ದು ಮಾತ್ರ ಅರವತ್ತು ದಾಟಿದ ಮೇಲೆ, ನಿಂಗಮ್ಮ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಒಲೆಯ ಮುಂದೆ ನನ್ನ ಕೆಲಸ ಜೀವ ಇಟ್ಟುಕೊಂಡು ಕೂತಿರುವುದು ಅಷ್ಟೇ ಆಗಿತ್ತು. ಅವಳು ಅಡುಗೆ ಮಾಡುತ್ತಿದ್ದಳು, ನಾನು ಪೇಪರು ಓದುತ್ತಿದ್ದೆ. 'ನಲವತ್ತು ವರ್ಷ ನಿಮ್ಮನ್ನು ಸೌದೆಗಿಂತ ಹೆಚ್ಚು ಬಳಸಿಕೊಂಡಿದ್ದೇನೆ' ಎಂದು ಅವಳು ನಗುತ್ತಿದ್ದಳು.

ನಮ್ಮ ಮನೆಯ ಒಲೆಯನ್ನು ನಿಂಗಮ್ಮ ಮದುವೆಯಾಗಿ ಬಂದ ವರ್ಷವೇ ಕಟ್ಟಿದ್ದು. ಅಡುಗೆಮನೆಯ ಹಿಂಗೋಡೆಗೆ ಒತ್ತಿದಂತೆ ದೊಡ್ಡ ಬಾಯಿ, ಪಕ್ಕದಲ್ಲಿ ಸಾರು ಬಿಸಿಗಿಡಲು ಕೋಡೊಲೆ, ಹಿಂದಿನಿಂದ ಮೇಲಕ್ಕೆ ಹೋಗುವ ತಗಡಿನ ಹೊಗೆಕೊಳವೆ. ಒಲೆ ಕಟ್ಟಿದವರು ಹಸಿಮಣ್ಣಿನ ಅಂಚಿಗೆ ಬೆರಳೊತ್ತಿ ಗುರುತು ಬಿಡುವುದು ನಮ್ಮಲ್ಲಿ ರೂಢಿ. ಇದರ ಅಂಚಿನಲ್ಲಿ ಎಡಕ್ಕೆ ಐದು, ಬಲಕ್ಕೆ ಐದು ಬೆರಳು ಮೂಡಿದ್ದವು. ಅವಳು ಹೋದ ಮೇಲೆ ಸೌದೆ ಒಡ್ಡುವಾಗ ನನ್ನ ಕೈ ಆ ಗುಳಿಗಳ ಮೇಲೆ ಆಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮನೆಯಲ್ಲಿದ್ದ ಅವಳ ಫೋಟೋಗಿಂತ ನನಗೆ ಅದೇ ಹೆಚ್ಚಾಗಿತ್ತು. ಕೂಡೊಲೆಗೆ ಹೆಸರು ಬರೆಸು, ಆರಾಮಾಗಿರು ಎಂದು ಎಷ್ಟು ಜನ ಹೇಳಿದರೂ ನಾನು ಕಿವಿಗೆ ಹಾಕಿಕೊಳ್ಳದಿದ್ದುದು ಇದಕ್ಕೇ. ಒಲೆ ಉದುರಿದರೆ ನಿಂಗಮ್ಮ ಇನ್ನೊಂದು ಸಲ ಹೋದಂತೆ.

ನನ್ನ ಜೊತೆಗೆ ಬಂದವಳು ಪಕ್ಕದ ಮನೆಯ ಓಬಳಮ್ಮ. ನಿಂಗಮ್ಮನ ಗೆಳತಿ, ಗಂಡ ಸತ್ತು ಎಷ್ಟೋ ವರ್ಷವಾಗಿ ಒಂಟಿಯಾಗಿದ್ದವಳು. ಕುಳ್ಳಗಿನ ಹೆಂಗಸು, ದನಿ ಮಾತ್ರ ನಮ್ಮ ನೀರಿನ ಟ್ಯಾಂಕಿನ ಎತ್ತರ. ನನ್ನನ್ನು ಅಣ್ಣ ಎನ್ನುತ್ತಾಳೆ, ಅಣ್ಣ ಎಂದಮೇಲೆ ಬೈಯಲು ಅಡ್ಡಿಯಿಲ್ಲ ಎಂದುಕೊಂಡಿದ್ದಾಳೆ. ಬೆಳಿಗ್ಗೆ ನಮ್ಮ ಮನೆಯ ಒಲೆ, ಸಂಜೆ ಅವಳ ಮನೆಯದು ಎಂದು ಒಪ್ಪಂದವಾಯಿತು. ಒಲೆಯ ಓನಾಮ ಕಲಿಸಿದವಳೂ ಅವಳೇ. ಹಿಂದಿನ ದಿನದ ಬೂದಿ ತೆಗೆ, ಆದರೆ ಪೂರ್ತಿ ಗೋರಬೇಡ, ಬೆರಳು ದಪ್ಪ ಉಳಿಸು, ಕೆಂಡ ಅದರ ಮೇಲೆ ಕೂತೇ ಬಾಳುವುದು. ಎರಡು ಸೌದೆ ತಗೊಂಡು ಒಂದಕ್ಕೊಂದು ಬಡಿ; ಟಣ್ ಅಂದರೆ ಒಣಗಿದೆ, ದಬ್ ಅಂದರೆ ಮತ್ತೆ ಬಿಸಿಲಿಗೆ ಹಾಕು. ಮೊದಲು ಒಣ ಪುರಲೆಕಡ್ಡಿ, ಆಮೇಲೆ ಸೀಳು, ಕೊನೆಗೆ ದಿಮ್ಮಿ. ಬಾಯಿತುಂಬ ತುರುಕಬೇಡ, ಅದಕ್ಕೂ ಉಸಿರಾಡಲು ಜಾಗ ಬೇಕು. ಅಮಾವಾಸ್ಯೆಗೊಮ್ಮೆ ಕೊಳವೆ ಬಿಚ್ಚಿ ಮಸಿ ಉದುರಿಸು, ಶುಕ್ರವಾರ ಕೆಮ್ಮಣ್ಣು ಸಗಣಿ ಕಲಸಿ ಸಾರಿಸು. ನಾನು ಊದುಗೊಳವೆ ಹಿಡಿದು ಕೆನ್ನೆ ಉಬ್ಬಿಸಿ ಊದಿ ಮುಖಕ್ಕೆಲ್ಲ ಬೂದಿ ಎರಚಿಕೊಂಡಾಗ ಅವಳು ಮಣೆಯ ಮೇಲೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದಳು. 'ಅಣ್ಣೋ, ಬೆಂಕಿನ ಎಬ್ಬಿಸ್ಬೇಕು, ಹೆದರಿಸ್ಬಾರ್ದು!'

ಎರಡು ವರ್ಷ ಹೀಗೇ ನಡೆಯಿತು. ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಕಲಿಸಿದವಳಿಗೇ ಪಾಠ ಹೇಳುವ ಮಟ್ಟಕ್ಕೆ ಬಂದೆ. ನಮ್ಮಂಥವರು ಕೆಡುವುದು ಅಲ್ಲೇ.

ಒಂದು ಬೆಳಿಗ್ಗೆ ಅಡುಗೆ ಮುಗಿದು ಓಬಳಮ್ಮ ಮನೆಗೆ ಹೋಗಿದ್ದಳು. ಜೊತೆ ಎದ್ದುಹೋದರೆ ಉರಿ ಇಳಿಯುತ್ತದೆ, ಕೆಂಡ ಮಾತ್ರ ಸ್ವಲ್ಪ ಹೊತ್ತು ಕಣ್ಣು ಬಿಟ್ಟುಕೊಂಡಿರುತ್ತದೆ. ನನಗೆ ಪೇಟೆಗೆ ಹೋಗುವ ಅವಸರ. ಮೂವತ್ತೊಂದು ವರ್ಷದ ಕೈ ಅಲ್ಲವೇ, ಚೊಂಬು ಹುಡುಕಿತು. ಕಾದ ಒಲೆಗೆ ನೀರು ಹುಯ್ದೆ. ಠಪ್ ಎಂದಿತು. ಹಬೆ ಇಳಿದ ಮೇಲೆ ನೋಡಿದರೆ ಒಲೆಯ ಬಲಗಡೆ, ಬಾಯಿಂದ ಅಂಚಿನವರೆಗೆ ಬೆರಳು ತೂರುವಷ್ಟು ಬಿರುಕು. ಓಬಳಮ್ಮನನ್ನು ಕರೆಯಬಹುದಿತ್ತು, ಆದರೆ ಅವಳ ಬಾಯಿಗೆ ಹೆದರಿದೆ. ನೀರುಗಂಟಿಗೆ ಬಿರುಕು ಕಂಡರೆ ತೋಚುವುದು ಒಂದೇ ಮದ್ದು. ತೊಟ್ಟಿ ರಿಪೇರಿಗೆಂದು ತಂದು ಮಿಕ್ಕಿದ್ದ ಸಿಮೆಂಟು ಕಲಸಿದೆ, ಬಿರುಕಿಗೆ ತುಂಬಿದೆ, ಚೆಂದ ಕಾಣಲೆಂದು ಬಲಗಡೆಯ ಅಂಚಿಗೆಲ್ಲ ಕರಣೆಯಲ್ಲಿ ನುಣ್ಣಗೆ ಮೆತ್ತಿದೆ. ಆ ಬದಿಯ ಐದು ಗುಳಿಗಳು ಮುಚ್ಚಿಹೋದವು. ಮನಸ್ಸಿಗೆ ಚುರುಕ್ ಎಂದಿತು, ಎಡಗಡೆಯವು ಇವೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಬಂದ ಓಬಳಮ್ಮ ಹೊಸ್ತಿಲಲ್ಲೇ ನಿಂತಳು. ಆಮೇಲೆ ಶುರುವಾಯಿತು. 'ಇದೇನಣ್ಣಾ, ಒಲೆನಾ ಬಚ್ಚಲಾ? ಒಲೆಗೆ ಯಾರಾದ್ರೂ ಸಿಮೆಂಟ್ ಮೆತ್ತುತಾರಾ? ಶಾಖಕ್ಕೆ ಸಿಮೆಂಟ್ ಎದ್ದು ಬಂದ್ರೆ ಮಣ್ಣನ್ನೂ ಎಳ್ಕೊಂಡು ಬರ್ತೈತೆ. ಒಂದು ಮಾತು ನನ್ನ ಕೇಳಾಕೆ ನಿಂಗೇನ್ ಬಾಯಿ ಬಿದ್ದೋಗಿತ್ತಾ?'

ತಪ್ಪು ನನ್ನದೇ ಎಂದು ಗೊತ್ತಿತ್ತು. ತಪ್ಪು ಮಾಡಿದವನಿಗೆ ಬರುವ ಕೋಪ ದೊಡ್ಡದು. 'ನಮ್ಮನೆ ಒಲೆ, ನಾನು ಸಿಮೆಂಟಾದ್ರೂ ಮೆತ್ತುತೀನಿ, ಡಾಂಬರಾದ್ರೂ ಹಾಕ್ತೀನಿ. ಇದು ನನ್ನ ಹೆಂಡ್ತಿ ಒಲೆ. ನಿಂದೇನೈತೆ ಇದ್ರಾಗೆ?' ಎಂದುಬಿಟ್ಟೆ.

ಅವಳು ಸಿಮೆಂಟಿನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದಳು. 'ಸರಿ ಕಣಣ್ಣ. ನಂದೇನಿಲ್ಲ. ನೀನಾಗಿ ಕರೆಯೋವರ್ಗೂ ನಿನ್ನ ಹೊಸ್ತಿಲು ತುಳಿಯಲ್ಲ' ಎಂದು ತಿರುಗಿ ಹೊರಟಳು. ಕರೆದಿದ್ದರೆ ನಿಲ್ಲುತ್ತಿದ್ದಳು. ನಾನು ಕರೆಯಲಿಲ್ಲ.

ಅವತ್ತು ಹುರಿಗಡಲೆ ತಿಂದು ಕಳೆದೆ. ಮಾರನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತು, ಹತ್ತುವುದಿಲ್ಲ ಎಂದು ಗೊತ್ತಿದ್ದೂ, ಸುಮ್ಮನೆ ಕೈಯ ರೂಢಿಗೆ ಬೂದಿ ತೆಗೆದೆ, ಪುರಲೆ ಜೋಡಿಸಿದೆ, ಕಡ್ಡಿ ಗೀರಿದೆ. ಹೊಗೆ ಸುತ್ತಿತು. ಪುರಲೆ ಚಟಚಟ ಎಂದಿತು. ಒಲೆ ಹತ್ತಿಕೊಂಡಿತು. ನಾನು ಹಿಂದೆ ತಿರುಗಿ ನೋಡಿದೆ, ಯಾರೂ ಇಲ್ಲ. ಅಟ್ಟ ನೋಡಿದೆ, ಮಂಚದ ಕೆಳಗೆ ನೋಡಿದೆ, ಯಾರೂ ಇಲ್ಲ. ಒಲೆ ಮಾತ್ರ ಮದುವೆ ಮನೆಯ ಒಲೆಯ ಹಾಗೆ ಭರ್ರೋ ಎಂದು ಉರಿಯುತ್ತಿತ್ತು. ನಿಂಗಮ್ಮನೇ ಬಂದು ಕೂತಿದ್ದಾಳೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು, ಹೊಗೆಯದಲ್ಲ.

ಎರಡನೆಯ ದಿನವೂ ಹತ್ತಿತು, ಮೂರನೆಯ ದಿನವೂ ಹತ್ತಿತು. ಬೆಳಿಗ್ಗೆಯೇ ಎರಡು ಹೊತ್ತಿಗೂ ಬೇಯಿಸಿಕೊಂಡು ಮೆರೆದೆ. ನಾಲ್ಕನೆಯ ದಿನ ಬಾಯಿ ಸುಮ್ಮನಿರಲಿಲ್ಲ. ಲಿಂಗರಾಜುವಿನ ಹೋಟೆಲಿನಲ್ಲಿ ಕೂತು, ನನ್ನ ಒಲೆ ನನಗೊಬ್ಬನಿಗೇ ಹತ್ತುತ್ತದೆ, ನಮಗೆ ಯಾರ ಹಂಗೂ ಇಲ್ಲ ಎಂದೆ. ನಕ್ಕರು. ಬಂದು ನೋಡಿ ಎಂದೆ; ಬರೀ ನೋಡಲು ಬಂದರೆ ಕಟ್ಟುಪಾಡಿನ ಪ್ರಕಾರ ಹೊಸ ಜೊತೆ ಹಿಡಿದಂತಾಗುವುದಿಲ್ಲ. ಬಂದರು. ಒಲೆ ಹತ್ತಿತು. 'ನಾವು ಇದ್ದೀವಲ್ಲ, ಅದಕ್ಕೇ ಹತ್ತಿತು' ಎಂದರು. ಹೊರಗೆ ಹೋಗಿ ಎಂದರೆ, 'ಹೊರಗೆ ಹೋದರೆ ನೋಡೋದು ಹೇಗೆ?' ಎಂದರು. ಊರಿಗೆಲ್ಲ ಇದೇ ಮಾತಾಯಿತು. ಓಬಳಮ್ಮನ ಕಿವಿಗೂ ಬಿದ್ದಿರುತ್ತದೆ, ಬೀಳಲಿ ಎಂದೇ ಜೋರಾಗಿ ಹೇಳಿದ್ದೆ. ಅವಳ ಒಲೆಗೆ ಯಾರು ಎಂದು ಮಾತ್ರ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಬೀದಿ ತುಂಬ ಅವಳ ಗೆಳತಿಯರೇ, ಅವಳಿಗೇನು ಎಂದು ಸುಮ್ಮನಾದೆ.

ಕೊನೆಗೆ ಲಿಂಗರಾಜು ಒಂದು ಉಪಾಯ ಹೂಡಿದ. ಅವನಿಗೆ ಆಸೆಯಿತ್ತು, ಒಬ್ಬರಿಗೇ ಹತ್ತುವ ಒಲೆಯ ಗುಟ್ಟು ಸಿಕ್ಕರೆ ಬೆಳಗಾಗುವ ಮುಂಚೆ ಭಾವಮೈದುನನನ್ನು ಕಾಡಿ ಬೇಡಿ ಎಬ್ಬಿಸುವುದು ತಪ್ಪುತ್ತಿತ್ತು. 'ಭಾನುವಾರ ಬೆಳಿಗ್ಗೆ ಎಂಟಕ್ಕೆ ಈರಪ್ಪನ ಬೀದಿ ಖಾಲಿ ಮಾಡಿಸ್ತೀನಿ. ಒಂದು ನರಪಿಳ್ಳೆ ಇರಬಾರ್ದು. ನಾನು ಟ್ಯಾಂಕ್ ಮೇಲೆ ಹತ್ತಿ ನಿಂತ್ಕೊಂತೀನಿ. ಅವನ ಕೊಳವೇಲಿ ಹೊಗೆ ಬಂದ್ರೆ ಒಪ್ಕೊಳ್ಳಾನ' ಎಂದ. ನನ್ನ ಟ್ಯಾಂಕಿನ ಮೇಲೆ ನಿಂತು ನನ್ನ ಮನೆಯ ಪರೀಕ್ಷೆ! ಆಗಲಿ ಎಂದೆ.

ಭಾನುವಾರ ಇಡೀ ಬೀದಿ ಹಬ್ಬದ ಬಟ್ಟೆ ತೊಟ್ಟು ಸಂತೆಮೈದಾನಕ್ಕೆ ಹೊರಟಿತು. ಓಬಳಮ್ಮ ಒಬ್ಬಳು ಮಂಡಿನೋವು, ನಡೆಯಲಾಗದು ಎಂದು ಬಾಗಿಲಲ್ಲೇ ಕೂತಳು. ಲಿಂಗರಾಜು ಬಿಡಲಿಲ್ಲ, ಸೊಪ್ಪಿನ ಗಾಡಿಯಲ್ಲಿ ಕೂರಿಸಿ ತಳ್ಳಿಸಿಕೊಂಡು ಹೋದ. ಗಾಡಿ ತಿರುಗುವಾಗ ಅವಳು ನನ್ನ ಮನೆಯ ಕಡೆ ನೋಡಿದ ನೋಟ ನನಗೆ ಸೋಲಿಗೆ ಕಾದಿರುವವರ ನೋಟದಂತೆ ಕಂಡಿತು. ನೋಡ್ತಿರು ಎಂದುಕೊಂಡು ಒಳಗೆ ಹೋಗಿ ಕೂತೆ. ಬೂದಿ ಬೆರಳು ದಪ್ಪ, ಸೌದೆ ಟಣ್ ಎನ್ನುವಂಥದು, ಪುರಲೆ ಗರಿಗರಿ. ಮೊದಲ ಕಡ್ಡಿ ಆರಿತು. ಎರಡನೆಯದು ಆರಿತು. ಎಂಟು, ಹತ್ತು, ಹದಿನೈದು. ಊದಿ ಊದಿ ಕಣ್ಣು ಕತ್ತಲೆ ಬಂತು. ಪೊಟ್ಟಣ ಖಾಲಿಯಾದಾಗ ಒಲೆ ಎಷ್ಟು ತಣ್ಣಗಿತ್ತೆಂದರೆ, ಅದರ ಅಂಚಿಗೆ ತಲೆ ಇಟ್ಟು ಕೂತುಬಿಟ್ಟೆ. ಬೀದಿಗೆ ಬೀದಿಯೇ ನಗುತ್ತ ವಾಪಸು ಬಂತು. ಬೈಯದಿದ್ದವಳು, ನಗದಿದ್ದವಳು ಓಬಳಮ್ಮ ಒಬ್ಬಳೇ. ಅವಳು ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಎದ್ದಾಗ ಕೂಡೊಲೆಗೆ ಹೆಸರು ಬರೆಸುವುದು ಎಂದು ತೀರ್ಮಾನಿಸಿದ್ದೆ. ಹೊರಡುವ ಮುಂಚೆ ಕೊನೆಯದಾಗಿ ಒಂದು ಕಡ್ಡಿ ಗೀರಿದೆ. ಹತ್ತಿತು! ಖುಷಿಯಾಗಲಿಲ್ಲ, ಅನುಮಾನ ಬಂತು. ಆದರೂ ರೂಢಿಗೆ ಅನ್ನಕ್ಕೂ ಹುರುಳಿ ಸಾರಿಗೂ ಎಸರಿಟ್ಟು ಯೋಚಿಸುತ್ತ ಕೂತೆ. ನೀರು ಬಿಟ್ಟವನಿಗೆ ಒಂದು ಬುದ್ಧಿ ಇರುತ್ತದೆ. ನಿನ್ನೆ ಬರದ ನಲ್ಲಿಯಲ್ಲಿ ಇವತ್ತು ನೀರು ಬಂದರೆ ಎಲ್ಲೋ ಯಾರೋ ವಾಲ್ವ್ ತೆರೆದಿದ್ದಾರೆ ಎಂದೇ ಅರ್ಥ. ಮನೆಯೊಳಗೆ ಯಾರೂ ಇಲ್ಲ. ಹಾಗಾದರೆ ಒಲೆಯ ಶಾಖ ಇನ್ನೆಲ್ಲಿಗೆ ಹೋಗುತ್ತದೆ? ಹಿಂಗೋಡೆಗೆ ಕೈ ಇಟ್ಟೆ, ಬೆಚ್ಚಗಿತ್ತು. ಆ ಗೋಡೆಯ ಆಚೆ, ನಮ್ಮ ಮನೆಯ ಹಿಂದಕ್ಕೂ ಸುತ್ತಿಕೊಂಡ ಓಬಳಮ್ಮನ ಹಿತ್ತಿಲು.

ಮಣೆಯ ಮೇಲೆ ಮಣೆ ಇಟ್ಟು ಹತ್ತಿ ಬೆಳಕಿಂಡಿಯಿಂದ ಬಗ್ಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳು ನನ್ನ ಗೋಡೆಗೆ ಬೆನ್ನು ಆನಿಸಿಕೊಂಡು ಕೂತಿದ್ದಳು. ಚಳಿಗೆ ಸೆರಗು ತಲೆತುಂಬ ಹೊದ್ದಿದ್ದಳು. ಮಡಿಲಲ್ಲಿ ಒಣ ಅವಲಕ್ಕಿ. ಒಂದೊಂದೇ ಚಿಟಿಕೆ ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ಹೊರಳಿಸಿ ಅಗಿಯುತ್ತಿದ್ದಳು. ನನ್ನ ಒಲೆಯ ಮೇಲೆ ಅನ್ನ ಕೊತಕೊತ ಎನ್ನುತ್ತಿತ್ತು. ನಾನು ತಲೆ ಎತ್ತಿ ಅವಳ ಮನೆಯ ಹೊಗೆಕೊಳವೆ ನೋಡಿದೆ. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು.

ಸದ್ದಾಗದಂತೆ ಇಳಿದೆ. ಎಷ್ಟು ದಿನವಾಯಿತೆಂದು ಬೆರಳು ಮಡಚಿದೆ, ಹನ್ನೊಂದು. ಅನ್ನ ಇಳಿಸಿ, ಒಲೆ ತಾನಾಗಿ ಆರಲು ಬಿಟ್ಟೆ. ಪೂರ್ತಿ ತಣ್ಣಗಾದ ಮೇಲೆ ಉಳಿ, ಸುತ್ತಿಗೆ ತಂದು ಸಿಮೆಂಟು ಬಿಡಿಸಲು ಕೂತೆ. ಅವಳು ಹೇಳಿದಂತೆಯೇ ಅದು ಶಾಖಕ್ಕೆ ಆಗಲೇ ಎದ್ದಿತ್ತು. ಮಣ್ಣು ಕೂಡ ಬಂದೀತೆಂದು ಉಸಿರು ಬಿಗಿಹಿಡಿದು ಚೂರು ಚೂರೇ ಎಬ್ಬಿಸಿದೆ. ಅಂಚಿನ ಗುಳಿಗಳು ಒಂದೊಂದಾಗಿ ಹೊರಬಂದವು. ಗುಳಿಗಳಲ್ಲಿ ಕೂತ ಸಿಮೆಂಟಿನ ಪುಡಿಯನ್ನು ಊದಿ ತೆಗೆಯುವಾಗ, ಎರಡು ವರ್ಷ ದಿನಾ ಸವರಿಯೂ ಕಾಣದ್ದು ಕಂಡಿತು. ಎಡಗಡೆಯ ಐದು ಗುಳಿಗಳಿಗೆ ನನ್ನ ಬೆರಳು ಸಲೀಸಾಗಿ ಇಳಿಯುತ್ತಿತ್ತು. ನಿಂಗಮ್ಮನ ಕೈ ನನ್ನ ಕೈಯಷ್ಟೇ ದೊಡ್ಡದು, ಬಳೆಗಾರ ಯಾವಾಗಲೂ ಗೊಣಗುತ್ತಿದ್ದ. ಬಲಗಡೆಯವು ಚಿಕ್ಕವು. ನನ್ನ ಬೆರಳಿನ ತುದಿಯೂ ಹಿಡಿಸಲಿಲ್ಲ. ಎರಡೂ ಕೈ ಒಬ್ಬಳದೇ ಆಗಿರಲು ಸಾಧ್ಯವಿರಲಿಲ್ಲ. ಆ ಬೀದಿಯಲ್ಲಿ ಅಷ್ಟು ಚಿಕ್ಕ ಕೈ ಇರುವುದು ಒಬ್ಬಳಿಗೇ.

ನಾನು ಅವಳ ಗುರುತಿನ ಮೇಲೆ ಸಿಮೆಂಟು ಮೆತ್ತಿ, ನಿಂದೇನೈತೆ ಇದರಲ್ಲಿ ಎಂದು ಅವಳನ್ನೇ ಕೇಳಿದ್ದೆ.

ಅನ್ನ, ಹುರುಳಿ ಸಾರು ಒಂದು ಬುಟ್ಟಿಯಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. 'ಓಬಳಮ್ಮಾ' ಎಂದೆ. 'ಏನು?' ಎಂದಳು ಒಳಗಿಂದ. ಒಳಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಡುಗೆಮನೆಯಲ್ಲಿ ನಿಂತು ನೋಡಿದೆ. ಅವಳ ಒಲೆಯ ಬಾಯಿ ಉದುರಿಹೋಗಿತ್ತು. ಅಂಚು ಅರ್ಧ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಅವಳು ಅದನ್ನೂ ಗುಡಿಸಿ ಒಂದು ಮೂಲೆಗೆ ಚೊಕ್ಕಟವಾಗಿ ಒಟ್ಟಿದ್ದಳು.

'ಬೇರೆ ಯಾರನ್ನಾದ್ರೂ ಒಲೆಗೆ ಕರೀಬಾರ್ದಿತ್ತಾ?' ಎಂದೆ.

'ಕರೆದಿದ್ರೆ ನಿನ್ನ ಜೊತೆ ಮುಗೀತಿತ್ತು. ಮುಗಿಸ್ಕೊಂಡ್ರೆ ನೀನು ಕೂಡೊಲೆಗೆ ಹೋಗ್ತಿದ್ದೆ. ನಿಂಗಿ ಒಲೆ ಮಣ್ಣಾಗ್ತಿತ್ತು' ಎಂದಳು. ಮೂಲೆಯ ಮಣ್ಣಿನ ಗುಡ್ಡೆ ನೋಡುತ್ತ, 'ಎರಡ್ರಾಗೆ ಒಂದು ಉಳಿಲಿ ಅಂದ್ಕೊಂಡೆ' ಎಂದಳು.

'ಆ ಕಡೆ ಬೆರಳು ನಿಂದು ಅಂತ ಯಾಕೆ ಹೇಳ್ಲಿಲ್ಲ?'

ಓಬಳಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. 'ಹೇಳೋದೇನೈತೆ ಅಣ್ಣ. ಒಂದೊಂದು ಕಿತ ನೀನು ಒಲೆ ಅಂಚು ಸವರ್ಕೊಂಡು ಕೂತಿರ್ತಿದ್ದೆ. ಅದು ಪೂರ್ತಿ ಅವಳ್ದೇ ಅಂತ ನೀನು ಅಂದ್ಕೊಂಡಿದ್ದೆ. ನಂಗೆ ಅದ್ರಾಗೆ ಪಾಲು ಕೇಳೋ ಮನಸ್ಸು ಬರ್ಲಿಲ್ಲ. ಅವಳು ಬಸುರಿ, ಮಣ್ಣು ತುಳಿಯಕ್ಕೆ ಆಗ್ತಿರ್ಲಿಲ್ಲ. ನಾನು ತುಳಿದೆ, ಅವಳು ಮೆತ್ತಿದ್ಲು. ನಿನ್ನ ಬೆರಳೂ ಒತ್ತೇ ಓಬಿ ಅಂದ್ಲು. ಒತ್ತಿದೆ.'

ಆ ಬಸುರು ನಿಲ್ಲಲಿಲ್ಲ. ಅದರ ಬಗ್ಗೆ ನಾನೂ ನಿಂಗಮ್ಮನೂ ಆಮೇಲೆ ಮಾತೇ ಆಡಿರಲಿಲ್ಲ. ಗೊತ್ತಿದ್ದ ಮೂರನೆಯವಳು ಇವಳೇ. ನಾನು ನೆಲದ ಮೇಲೆ ಕೂತೆ. 'ತಪ್ಪಾಯ್ತು ಕಣವ್ವ' ಎಂದೆ. ಅವಳು ಬುಟ್ಟಿ ಎಳೆದುಕೊಂಡು ಅನ್ನಕ್ಕೆ ಸಾರು ಹಾಕಿಕೊಂಡಳು. ಎರಡು ತುತ್ತು ತಿಂದು, 'ಉಪ್ಪು ಸಾಲ್ದು' ಎಂದಳು. ಆಗ ನನಗೆ ಜೀವ ಬಂದಂತಾಯಿತು.

ಮಾರನೆಯ ದಿನ ಕೆರೆಯಿಂದ ಎರಡು ಪುಟ್ಟಿ ಜೇಡಿಮಣ್ಣು ತಂದು ಅವಳ ಅಂಗಳಕ್ಕೆ ಸುರಿದೆ. ಉದುರಿದ ಹಳೆಯ ಒಲೆಯ ಮಣ್ಣನ್ನೂ ಅದಕ್ಕೇ ಸೇರಿಸಿದಳು. ಭತ್ತದ ಹೊಟ್ಟು, ಬೂದಿ, ಚೂರು ಬೆಲ್ಲದ ನೀರು. ಅವಳ ಮಂಡಿ ನಿಜಕ್ಕೂ ನೋಯುತ್ತಿತ್ತು, ಆದ್ದರಿಂದ ಪಂಚೆ ಎತ್ತಿಕಟ್ಟಿ ತುಳಿಯಲು ಇಳಿದವನು ನಾನು. ಹೋಗುವವರು ಬರುವವರು ನಿಂತು ನೋಡಿದರು, ಲಿಂಗರಾಜು ಒಂದು ಸಲ ಕೆಮ್ಮಿ ಮುಂದೆ ಹೋದ. ಮಣ್ಣು ಬಿಗಿಯಾಗಿ ಕಾಲು ಎತ್ತಲಾಗದಾಗ ನಾನು ಚೊಂಬು ಹಿಡಿದು ಅವಳ ಮುಖ ನೋಡಿದೆ.

'ಹಾಕು, ಹಾಕು. ಈಗ ಹಾಕೋದೇ ನೀರು' ಎಂದಳು.

ಸಂಜೆಯ ಹೊತ್ತಿಗೆ ಒಲೆ ನಿಂತಿತು. ಬಾಯಿ ಸ್ವಲ್ಪ ಸೊಟ್ಟಗಿದೆ, ಅದು ನನ್ನ ಕೈಯ ಕೆಲಸ. ಹಸಿ ಅಂಚಿನ ಎಡಗಡೆ ಓಬಳಮ್ಮ ತನ್ನ ಪುಟ್ಟ ಬೆರಳುಗಳನ್ನು ಒತ್ತಿ, ಕೈ ತೊಳೆಯಲು ಎದ್ದಳು. ಎರಡು ಹೆಜ್ಜೆ ಹೋದವಳು ನಿಂತು ಹಿಂದೆ ತಿರುಗಿ ನೋಡಿದಳು.

'ಇನ್ನೊಂದು ಕಡೆ ಹಂಗೇ ಬಿಡ್ತೀಯೇನಣ್ಣ? ಮಣ್ಣು ಒಣಗ್ತೈತೆ' ಎಂದಳು.

ನಾನು ಬಲಗೈಯನ್ನು ಪಂಚೆಗೆ ಒರೆಸಿಕೊಂಡು ಒತ್ತಿದೆ.